ಸದ್ದು ಮಾಡದ ಕಂಡೆನ್ಸರ್ ಮೀಟರು

ಬಿಡಿಭಾಗ ಮಾರುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿ, ಊದುಬತ್ತಿ ಹಚ್ಚಿ ಕೂತರೆ ಸಾಕು. ಸುಟ್ಟುಹೋದ ಒಂದು ಸಾಮಾನನ್ನು ಜೇಬಿನಲ್ಲಿಟ್ಟುಕೊಂಡು ಅದೇ ಮೆಟ್ಟಿಲು ಹತ್ತಿ ಬರುತ್ತದೆ.

ನನ್ನದು ಕೊಳ್ಳೇಗಾಲದಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ಟಿ.ವಿ., ಯು.ಪಿ.ಎಸ್., ಆಂಪ್ಲಿಫೈಯರ್, ಯಾವುದನ್ನು ಬಿಚ್ಚಿದರೂ ಒಳಗೆ ಪುಟ್ಟ ಡಬ್ಬಿಯಂಥ ಒಂದು ಸಾಮಾನು ಸಿಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಕಂಡೆನ್ಸರ್. ಕರೆಂಟನ್ನು ಹಿಡಿದಿಟ್ಟು, ಬೇಕಾದಾಗ ಬಿಡುವುದು ಅದರ ಕೆಲಸ. ಒಳಗಿನ ರಸ ಒಣಗಿತೆಂದರೆ ಅದರ ಕಥೆ ಮುಗಿಯಿತು. ಆದರೆ ಒಣಗಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಎಷ್ಟೋ ಸಲ ಸತ್ತ ಕಂಡೆನ್ಸರ್ ಮದುಮಗನ ಹಾಗೆ ಮಿರಮಿರ ಮಿಂಚುತ್ತಿರುತ್ತದೆ.

ಇದನ್ನು ಕಂಡುಹಿಡಿಯಲು ನಮ್ಮ ಕಡೆಯ ಮೆಕ್ಯಾನಿಕ್‌ಗಳದ್ದು ಒಂದು ಪದ್ಧತಿ. ಕಂಡೆನ್ಸರಿಗೆ ಒಂದು ಗಳಿಗೆ ಕರೆಂಟ್ ಮುಟ್ಟಿಸುವುದು, ತೆಗೆಯುವುದು, ಅದರ ಎರಡು ಕಾಲುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವುದು. 'ಟಪ್' ಎಂದು ಕಿಡಿ ಹಾರಿದರೆ ಒಳ್ಳೆಯ ಮಾಲು, ಸುಮ್ಮನಿದ್ದರೆ ಕೆಟ್ಟ ಮಾಲು. ಸದ್ದು ಜೋರಾದಷ್ಟೂ ಕಂಪನಿ ದೊಡ್ಡದು. ನಾನೂ ಬಹಳ ಕಾಲ ಹಾಗೇ ಕಿಡಿ ತೋರಿಸಿ ಮಾರಿದವನೇ. ಆಮೇಲೆ ಮೀಟರ್ ತಂದೆ. ತಂದ ಹೊತ್ತಿಗೇ ಎದುರು ಸಾಲಿನಲ್ಲಿ ಹೊಸ ಅಂಗಡಿಯೊಂದು ಬಾಗಿಲು ತೆರೆದು, ಕೇಳಿದವರಿಗೂ ಕೇಳದವರಿಗೂ ಕಿಡಿ ಹಾರಿಸತೊಡಗಿತು.

ಇದರಲ್ಲಿ ನನಗಿದ್ದ ಭಯ ಒಂದೇ. ಹನೂರಿನಲ್ಲಿ ಒಬ್ಬ ಮೈಕ್‌ಸೆಟ್ ಯಜಮಾನ ಇದ್ದಾನೆ. ಮೈಕ್ ಬಾಡಿಗೆಗೆ ಕೊಡುತ್ತಾನೆ, ರಿಪೇರಿಯನ್ನೂ ಮಾಡುತ್ತಾನೆ. ಆ ಭಾಗದ ಮೆಕ್ಯಾನಿಕ್‌ಗಳೆಲ್ಲ ಅವನ ಕೈಕೆಳಗೆ ಕಲಿತವರು, ಅವನು ಎಲ್ಲಿ ಸಾಮಾನು ತೆಗೆದುಕೊಳ್ಳುತ್ತಾನೋ ಅವರೂ ಅಲ್ಲೇ. ಅವನೊಬ್ಬ ರಸ್ತೆ ದಾಟಿ ಎದುರು ಅಂಗಡಿಗೆ ಹೋದನೆಂದರೆ ನನ್ನ ಹನೂರು ಕಡೆಯ ವ್ಯಾಪಾರ ಪೂರ್ತಿ ಅವನ ಹಿಂದೆ ಸಾಲಾಗಿ ರಸ್ತೆ ದಾಟುತ್ತದೆ. ಅವನಿಗೋ ಕಿಡಿ ಎಂದರೆ ಪ್ರಾಣ.

ಹೆಣ್ಣು ನೋಡಲು ಹೊರಟ ಅಂಗಿ

ಅಂಥ ಕಿಡಿಯನ್ನು ನಾನೇಕೆ ಬಿಟ್ಟೆ ಎಂದರೆ, ನಮ್ಮ ಮನೆಯವರು ಬಿಡಿಸಿದರು. ಮಧ್ಯಾಹ್ನದ ಹೊತ್ತು ಅಂಗಡಿ ನೋಡಿಕೊಳ್ಳುವವರು ಅವರೇ, ಹಾಗಾಗಿ ಅವರ ಮಾತೇ ಕಾನೂನು.

ಅವತ್ತು ಯಳಂದೂರಿನ ಒಬ್ಬ ಹೊಸ ಮೆಕ್ಯಾನಿಕ್ ಟಿ.ವಿ. ಬೋರ್ಡಿನ ಕಂಡೆನ್ಸರ್ ಕೊಂಡ. ಆ ಜಾತಿಯ ಕಂಡೆನ್ಸರಿಗೆ ಪ್ಲಸ್ಸು ಮೈನಸ್ಸು ಇರುತ್ತದೆ, ಅದನ್ನು ನೇರವಾಗಿ ಮನೆ ಕರೆಂಟಿಗೆ ಕೊಡಬಾರದು. ನಾನು ಹೇಳಬೇಕೆಂದು ತಿರುಗುವಷ್ಟರಲ್ಲಿ ಅವನು ಕೌಂಟರಿನ ಮೇಲಿದ್ದ ಪ್ಲಗ್ಗಿಗೆ ಅದನ್ನು ಸಿಕ್ಕಿಸಿ ಸ್ವಿಚ್ ಒತ್ತಿದ್ದ.

ಠಳ್ ಎಂದಿತು. ಡಬ್ಬಿಯ ಮೂತಿ ಹಾರಿ ಫ್ಯಾನಿಗೆ ಬಡಿಯಿತು. ಒಳಗಿದ್ದ ಕಾಗದದ ಚೂರುಗಳು ಮದುವೆಯ ಅಕ್ಷತೆಯ ಹಾಗೆ ಎಲ್ಲರ ತಲೆಯ ಮೇಲೂ ಉದುರಿದವು. ರಿಮೋಟ್ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗನಿಗೆ ಹೆಣ್ಣು ನೋಡಲು ಹೊರಟವರು. ಆ ಅಂಗಿಯ ಮೇಲೆ ಕಂದು ಬಣ್ಣದ ರಸ ಚಿತ್ತಾರ ಬರೆದಿತ್ತು.

"ನೋಡುದ್ರಾ ಸಾ, ಮಾಲು ಒಳ್ಳೇದೇ ಅದೆ, ಎಂಥಾ ಸದ್ದು ಬಂತು," ಎಂದ ಮೆಕ್ಯಾನಿಕ್.

ನಮ್ಮ ಮನೆಯವರು ತಲೆಯಿಂದ ಕಾಗದದ ಚೂರು ಕೊಡವಿಕೊಳ್ಳುತ್ತಾ, "ರೀ, ನಾಳೆಯಿಂದ ಈ ಅಂಗಡಿಯಲ್ಲಿ ಕಿಡಿ ಹಾರಬಾರದು. ಏನಾದರೂ ಮೀಟರ್ ಗೀಟರ್ ಇದ್ದರೆ ತನ್ನಿ. ಇಲ್ಲದಿದ್ದರೆ ನಾನು ಮನೆಯಲ್ಲಿರ್ತೀನಿ, ನೀವೇ ಅಕ್ಷತೆ ಹಾಕಿಸಿಕೊಳ್ಳಿ," ಎಂದರು.

ಆ ಹಿರಿಯರು ಬೇರೆ ಅಂಗಿ ಹಾಕಿಕೊಳ್ಳಲು ಹೊತ್ತಿಲ್ಲದೆ ಹಾಗೇ ಬಸ್ ಹತ್ತಿದರು. ಸಂಬಂಧ ಕೆಟ್ಟರೆ ನಮ್ಮ ತಲೆಗೇ ಬರುತ್ತದೆಂದು ನಾನು ಅಳುಕುತ್ತಲೇ ಇದ್ದೆ. ಕೆಲವು ದಿನ ಕಳೆದು ಅವರು ಲಗ್ನಪತ್ರಿಕೆ ಹಿಡಿದು ಬಂದರು.

"ಅಂಗಿ ನೋಡಿ ಏನೂ ಅನ್ನಲಿಲ್ಲವೇ?" ಎಂದೆ.

"ಅಂಗಿಯಿಂದಲೇ ಕಣ್ರಿ ಕುದುರಿದ್ದು. ಮುಂಚೆ ಬಂದೋರೆಲ್ಲ ಸುಮ್ನೆ ಬಿಳಿ ಅಂಗಿ ಆಕಂಡು ತಿರುಗೋರಂತೆ. ನನ್ ಅಂಗಿ ಮೇಲಿನ ಕರೆ ನೋಡಿ, ಇವ್ರು ದುಡಿಯೋ ಜನ ಅಂದ್ಕಂಡ್ರು."

ಮೂರು ಮೀಟರು, ಒಂದು ಪ್ರಶ್ನೆ

ಮೀಟರ್ ತರುವುದೇನೋ ಸರಿ, ಯಾವುದನ್ನು ತರುವುದು? ಯಳಂದೂರಿನ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು ಹಳೆಯ ರೇಡಿಯೊ ರಿಪೇರಿಯ ಹುಚ್ಚಿಗೆ ನನ್ನಲ್ಲಿ ಸಾಮಾನು ಕೊಳ್ಳುತ್ತಾರೆ. ಅವರನ್ನು ಕೇಳಿದೆ.

"ನೋಡಿ, ಕಂಡೆನ್ಸರ್ ಅಂದರೆ ನಮ್ಮೂರಿನ ನೀರಿನ ತೊಂಬೆ ಅಂದುಕೊಳ್ಳಿ," ಎಂದರು. "ಸಾಧಾರಣ ಮೀಟರು ತೊಂಬೆ ಎಷ್ಟು ನೀರು ಹಿಡಿಯುತ್ತೆ ಅಂತ ಹೇಳುತ್ತೆ, ಅಷ್ಟೇ. ನಲ್ಲಿಯಲ್ಲಿ ಪಾಚಿ ಕಟ್ಟಿಕೊಂಡಿದೆಯೋ ಇಲ್ಲವೋ ಹೇಳಲ್ಲ. ತೊಂಬೆ ತುಂಬಿದ್ದು ನಲ್ಲಿ ಕಟ್ಟಿಕೊಂಡರೆ ಬಿಂದಿಗೆ ತುಂಬುತ್ತದಾ? ನಿಮಗೆ ನಲ್ಲಿ ನೋಡುವ ಮೀಟರ್ ಬೇಕು. ಇ.ಎಸ್.ಆರ್. ಮೀಟರ್ ಅಂತ ಕೇಳಿ."

ಅಲ್ಲೇ ಕೂತಿದ್ದ ನಮ್ಮ ಮನೆಯವರು, "ಅದು ಸಿಡಿಯುತ್ತಾ ಮೇಷ್ಟ್ರೇ?" ಎಂದರು.

"ಇಲ್ಲಮ್ಮ."

"ಹೊಗೆ?"

"ಏನೂ ಇಲ್ಲ. ಸದ್ದೇ ಮಾಡಲ್ಲ."

"ಹಾಗಾದರೆ ಅದೇ ತನ್ನಿ."

ಬೆಂಗಳೂರಿಗೆ ಹೋದೆ. ವ್ಯಾಪಾರಿಯಾದವನು ಇನ್ನೊಬ್ಬ ವ್ಯಾಪಾರಿಯ ಅಂಗಡಿಗೆ ಬರಿಗೈಯಲ್ಲಿ ಹೋಗಬಾರದು. ಹೊಸ ಕಂಡೆನ್ಸರ್ ಒಂದು, ರಿಪೇರಿಯಲ್ಲಿ ಕಿತ್ತ ಹಳೆಯದು ಒಂದು, ಎರಡನ್ನೂ ಜೇಬಿಗೆ ಹಾಕಿಕೊಂಡಿದ್ದೆ. ಮಾರುವವನು ಮೊದಲು ಮುಳ್ಳಿನ ಮೀಟರ್ ತೆಗೆದ. ಚರ್ಮದ ಚೀಲ, ಅಗಲವಾದ ಗಾಜು, ನೋಡಲು ಗಂಭೀರ. ನನ್ನ ಎರಡು ಕಂಡೆನ್ಸರಿಗೂ ಅದರ ಮುಳ್ಳು ಒಂದೇ ರೀತಿ ಎದ್ದು ಬಿತ್ತು. ಎರಡನೆಯದು ಅಂಕಿ ತೋರಿಸುವ ಮಲ್ಟಿಮೀಟರ್. ಅದೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟಿತು. ಮೂರನೆಯದು, ಅವನು ತೀರಾ ಕೆಳಗಿನ ಖಾನೆಯಿಂದ ಒಲ್ಲದ ಮನಸ್ಸಿನಲ್ಲಿ ತೆಗೆದ ಸಣ್ಣ ಇ.ಎಸ್.ಆರ್. ಮೀಟರು. ಹೊಸದಕ್ಕೆ ಸೊನ್ನೆಯ ಹತ್ತಿರ ತೋರಿಸಿತು. ಹಳೆಯದಕ್ಕೆ ಅಂಕಿ ಸರ್ರನೆ ಮೇಲೆ ಹೋಯಿತು.

"ಇದನ್ನು ಕೊಡಿ," ಎಂದೆ.

"ದೊಡ್ಡದನ್ನ ಬಿಟ್ಟು ಇದ್ಯಾಕೆ ಸಾರ್?"

"ಆ ಎರಡು ಮೀಟರ್‌ಗೆ ಗೊತ್ತಾಗಲಿಲ್ಲ. ಹಳೆಯದು ಕೆಟ್ಟಿದೆ ಅಂತ ಇದೊಂದೇ ಸರಿಯಾಗಿ ಹೇಳಿತು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಕೆಟ್ಟಿದೆ ಅಂತ ನಿಮಗೆ ಊರಲ್ಲೇ ಗೊತ್ತಿತ್ತಲ್ಲ ಸಾರ್. ಮೀಟರ್ ಯಾಕೆ ಮತ್ತೆ?" ಎಂದ.

ಬಿಲ್ಲು ಮಾಡಿಸಿಕೊಂಡು ಬಂದೆ.

ಸೊನ್ನೆಗೆ ಪಾಸು

ಮೀಟರ್ ಬಂತು. ಅದರ ಹಿಂದೆಯೇ ತಕರಾರೂ ಬಂತು. ಈ ಮೀಟರಿನಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಮಾಲು ಒಳ್ಳೆಯದು. ಇದನ್ನು ಗಿರಾಕಿಗೆ ಒಪ್ಪಿಸುವುದು ಹೇಗೆ? ಜಗತ್ತಿನಲ್ಲಿ ಯಾರು ತಾನೇ ಸೊನ್ನೆಗೆ ಕೈಯಾರೆ ದುಡ್ಡು ಕೊಡುತ್ತಾರೆ?

ಕುಂತೂರಿನ ಕಬ್ಬು ಬೆಳೆಗಾರರೊಬ್ಬರು ಫ್ಯಾಕ್ಟರಿಗೆ ಕಬ್ಬು ಇಳಿಸಿ, ಖಾಲಿ ಟ್ರ್ಯಾಕ್ಟರನ್ನು ನಮ್ಮ ಅಂಗಡಿಯ ಮುಂದೆ ಅಡ್ಡಲಾಗಿ ನಿಲ್ಲಿಸಿ ಬಂದರು. ಟಿ.ವಿ.ಯ ಹಳೆಯ ಕಂಡೆನ್ಸರ್ ಕೈಯಲ್ಲಿತ್ತು. ಮೀಟರಿಗೆ ಕೊಟ್ಟೆ. ಹದಿನೆಂಟು. ಹೊಸದನ್ನು ಕೊಟ್ಟೆ. ಸೊನ್ನೆ, ಅದರ ಮುಂದೊಂದು ಚುಕ್ಕೆ, ಆಮೇಲೆ ಕಣ್ಣಿಗೆ ಕಾಣದಷ್ಟು ಏನೋ.

"ನಂದು ಅದ್ನೆಂಟು, ನಿಮ್ದು ಸೊನ್ನೆ," ಎಂದರು. "ಕೆಟ್ಟೋಗಿರದು ಯಾವ್ದು ಸಾವ್ಕಾರ್ರೇ?"

"ನಿಮ್ಮದು. ಇದು ಜ್ವರ ನೋಡಿದ ಹಾಗೆ. ಅಂಕಿ ಜಾಸ್ತಿ ಆದಷ್ಟು ಕಾಯಿಲೆ ಜಾಸ್ತಿ."

"ಜ್ವರ ಸೊನ್ನೆಗೆ ಬಂದ್ರೆ ಮನ್ಸ ಸತ್ತಂಗಲ್ವಾ?"

ಆ ಮಾತಿನಲ್ಲಿ ನಿಜವೂ ಇತ್ತು. ಒಳಗೇ ಶಾರ್ಟ್ ಆಗಿ ಪೂರ್ತಿ ಸತ್ತ ಕಂಡೆನ್ಸರಿಗೂ ಈ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಸಾಧಾರಣ ಮಲ್ಟಿಮೀಟರನ್ನೂ ಇಟ್ಟುಕೊಂಡು, ಶಾರ್ಟ್ ಇಲ್ಲವೆಂದು ನೋಡಿಕೊಂಡು ಆಮೇಲೆ ಹೇಳಬೇಕು. ಹಾಗೇ ತೋರಿಸಿದೆ. ಅವರು ಎರಡೂ ಮೀಟರನ್ನು ಅನುಮಾನದಿಂದ ನೋಡಿ, "ಒಂದು ಮೀಟ್ರು ಏಳಿದ್ದು ದಿಟವೋ ಇಲ್ವೋ ಅಂತ ಏಳಕ್ಕೆ ಇನ್ನೊಂದು ಮೀಟ್ರು," ಎಂದು ಗೊಣಗಿ ಹೊಸದನ್ನು ತೆಗೆದುಕೊಂಡು ಹೋದರು.

ಮಾರನೆಯ ದಿನ ಮತ್ತೆ ಟ್ರ್ಯಾಕ್ಟರ್ ನಿಂತಿತು. ಟಿ.ವಿ. ಹತ್ತಿಲ್ಲವೇನೋ ಎಂದುಕೊಂಡೆ.

"ಟಿ.ವಿ. ಬಲೇ ಚೆನ್ನಾಗ್ ಬತ್ತಾದೆ. ಅದ್ಕಲ್ಲ ಬಂದಿದ್ದು. ನಿನ್ನೆ ನಂದೊಂದು ಇಲ್ಲೇ ಬುಟ್ಟೋಗಿದ್ನಲ್ಲ, ಕೊಡಿ."

"ಅದು ಕೆಟ್ಟಿರೋದು. ಏನು ಮಾಡ್ತೀರಿ?"

"ಇರ್ಲಿ ಕೊಡಿ. ಅದ್ನೆಂಟು ನಂಬರಿಂದು, ಯಾವತ್ತಾದ್ರೂ ಬೇಕಾಯ್ತದೆ."

ಬಲ್ಬು

ಮೀಟರ್ ಮುಟ್ಟಿಸುವ ಮೊದಲು ಕಂಡೆನ್ಸರಿನ ಒಳಗೆ ಉಳಿದಿರುವ ಕರೆಂಟನ್ನು ಇಳಿಸಬೇಕು. ಇಲ್ಲದಿದ್ದರೆ ಮೀಟರೇ ಸುಟ್ಟುಹೋಗುತ್ತದೆ. ಅದಕ್ಕೆ ನಾನು ಒಂದು ಹಳೇ ಕಾಲದ ಬಲ್ಬಿಗೆ ಎರಡು ವೈರು ಕಟ್ಟಿ ಕೌಂಟರಿನ ಮೇಲಿಟ್ಟಿದ್ದೇನೆ. ಕಂಡೆನ್ಸರನ್ನು ಆ ವೈರಿಗೆ ಮುಟ್ಟಿಸಿದರೆ ಬಲ್ಬು ಒಮ್ಮೆ ಪಳಕ್ಕೆಂದು ಆರುತ್ತದೆ. ಅಲ್ಲಿಗೆ ಕರೆಂಟ್ ಇಳಿಯಿತು.

ಬಿಳಿಗಿರಿರಂಗನ ಬೆಟ್ಟದಿಂದ ಬಂದ ಒಬ್ಬ ಗಿರಾಕಿ ಇದನ್ನು ಕಣ್ಣಗಲಿಸಿ ನೋಡಿದ. "ಇನ್ನೊಂದ್ಸಲ ಮಾಡಿ ಸಾ."

"ಇನ್ನೊಂದು ಸಲ ಬರಲ್ಲ. ಒಂದು ಸಲ ಪಳಕ್ ಅನ್ನುತ್ತೆ, ಆಮೇಲೆ ಏನೂ ಇಲ್ಲ."

"ಓ," ಎಂದ ಅವನು ನಿರಾಸೆಯಿಂದ. "ಅಂಗಾರೆ ನಮ್ ಅಟ್ಟಿಗೆ ಬರೋ ಕರೆಂಟೂ ಇಲ್ಲಿಂದ್ಲೇ ಬತ್ತಾದೆ ಅನ್ನಿ."

ಹನೂರಿನ ಕಿಡಿ

ಇಷ್ಟೆಲ್ಲ ಆಗುವಾಗ ನನ್ನ ಕಣ್ಣು ಹನೂರು ಬಸ್ಸಿನ ಮೇಲೆಯೇ ಇತ್ತು. ಕೊನೆಗೊಂದು ದಿನ ಮೈಕ್‌ಸೆಟ್ ಯಜಮಾನ ಇಳಿದ. ಇಳಿದವನು ನೇರ ಬರಲಿಲ್ಲ. ಎದುರು ಅಂಗಡಿಯ ಮುಂದೆ ನಿಂತು ಎರಡು ಕಿಡಿ ನೋಡಿ, ಆಮೇಲೆ ನನ್ನ ಮೆಟ್ಟಿಲು ಹತ್ತಿದ.

"ಏನ್ ಸಾವ್ಕಾರ್ರೇ, ಎದ್ರುಗಡೆಯವ್ನು ದೀಪಾವಳಿ ಮಾಡ್ತಾವ್ನೆ, ನೀವು ನೋಡುದ್ರೆ ಮೂಗನ್ನ ತಂದು ಮಡಗಿದ್ದೀರಿ."

"ಮೂಗನೇ ಇರಬಹುದು ಯಜಮಾನ, ಸುಳ್ಳು ಹೇಳಲ್ಲ."

"ಮಾತಾಡ್ದೇ ಇರೋನು ಸುಳ್ಳು ಎಂಗ್ ಏಳಾನು?" ಎನ್ನುತ್ತಾ ಚೀಲದಿಂದ ಒಂದು ಕಂಡೆನ್ಸರ್ ತೆಗೆದ. ಆಂಪ್ಲಿಫೈಯರಿನದು, ಟೀ ಲೋಟದಷ್ಟು ದಪ್ಪ. ಎಲ್ಲೋ ಹಳೆಯ ಆಂಪ್ಲಿಫೈಯರಿನಿಂದ ಕಿತ್ತಿದ್ದು. ನನ್ನ ಯು.ಪಿ.ಎಸ್. ಬ್ಯಾಟರಿಗೆ ಅದನ್ನು ಮುಟ್ಟಿಸಿ, ಸ್ಕ್ರೂಡ್ರೈವರ್ ಅಡ್ಡ ಇಟ್ಟ. ಟಪ್. ನಮ್ಮ ಮನೆಯವರು ಸೆರಗು ತಲೆಗೆ ಎಳೆದುಕೊಂಡರು.

"ನೋಡುದ್ರಾ, ಎಂಗ್ ಬೊಗುಳ್ತು."

ನಾನು ಅದನ್ನು ಬಲ್ಬಿಗೆ ಮುಟ್ಟಿಸಿ, ಮೀಟರಿಗೆ ಕೊಟ್ಟೆ. ಅಂಕಿ ಮೇಲಕ್ಕೆ ಹೋಗಿ ಕೂತಿತು. "ಒಣಗಿದೆ ಯಜಮಾನ. ಸುಮ್ಮನಿದ್ದಾಗ ಚೆನ್ನಾಗಿರುತ್ತೆ. ಭಾರ ಬಿತ್ತು ಅಂದರೆ ನರಳುತ್ತೆ."

"ಯಾರ ಬಗ್ಗೆ ಏಳ್ತಿದ್ದೀರಿ, ಕಂಡೆನ್ಸರಾ, ನಾನಾ?"

"ಮೀಟರ್ ಇಟ್ಟಿರೋದು ಕಂಡೆನ್ಸರಿಗೆ."

ಅವನು ಕೌಂಟರಿಗೆ ಎರಡೂ ಕೈ ಊರಿದ. "ಸರಿ. ಭಾನುವಾರ ಕೌದಳ್ಳಿ ತಾವ ಒಂದು ಸನ್ಮಾನ ಅದೆ. ಇದ್ನೇ ನನ್ ಆಂಪ್ಲಿಫೈಯರ್‌ಗೆ ಆಕ್ತೀನಿ. ಚೆನ್ನಾಗ್ ಮಾತಾಡ್ತು ಅಂದ್ರೆ ಸೋಮವಾರದಿಂದ ನಮ್ ಕಡೆ ಐಕಳೆಲ್ಲ ಎದ್ರು ಅಂಗ್ಡಿಗೆ. ಮಾತಾಡ್ಲಿಲ್ವೋ, ನಿಮ್ ಮೂಗ ಏಳಿದ್ದೇ ವೇದ."

ಭಾನುವಾರ ಅಂಗಡಿಯನ್ನು ನಮ್ಮ ಮನೆಯವರಿಗೆ ಒಪ್ಪಿಸಿ ನಾನೂ ಹೋದೆ. ಊರಿನ ಹಿರಿಯರೊಬ್ಬರಿಗೆ ಸನ್ಮಾನ. ಶಾಮಿಯಾನದ ಹಿಂದೆ ಮುದ್ದೆ ಕಟ್ಟುತ್ತಿದ್ದರು, ಬಾಡಿನ ಸಾರು ಕುದಿಯುತ್ತಿತ್ತು. ಸಾರಿನ ಘಮ ಮುಂದಿನ ಸಾಲಿನವರ ಕುತ್ತಿಗೆಯನ್ನು ಒಂದೇ ಸಮ ಹಿಂದಕ್ಕೆ ತಿರುಗಿಸುತ್ತಿತ್ತು. ಆದರೆ ಜನರ ಮುಖದಲ್ಲಿ ಕಳೆಯಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಿದೆ.

"ಮುಖ್ಯ ಅತಿಥಿ ಅವ್ರೇ ಕಣ್ರಿ," ಎಂದು ವೇದಿಕೆ ತೋರಿಸಿದರು. "ಮೈಕ್ ಇಡುದ್ರೆ ಬುಡಕಿಲ್ಲ. ಓದ್ಸಲ ಅವ್ರು ಮುಗಿಸೋ ಹೊತ್ಗೆ ಮುದ್ದೆ ತಣ್ಣಗಾಗಿ ಗುಂಡುಕಲ್ಲಾಗಿತ್ತು. ಅದ ಕಚ್ಚಿ ನಮ್ಮಪ್ಪಂದು ಒಂದು ಅಲ್ಲು ಮುರ್ದೋಯ್ತು."

ಯಜಮಾನ ಮೈಕ್ ಹಿಡಿದು ಮೆಲ್ಲಗೆ "ಹಲೋ, ಹಲೋ" ಎಂದ. ಗಾಜಿನಂತೆ ಸ್ವಚ್ಛ. ದೂರದಿಂದಲೇ ನನ್ನ ಕಡೆ ನೋಡಿ ಮೀಸೆ ತೀಡಿದ. ಹುಡುಗಿಯೊಬ್ಬಳು ಪ್ರಾರ್ಥನೆ ಹಾಡಿದಳು. ಅದೂ ಸ್ವಚ್ಛ. ನನ್ನ ಹನೂರು ವ್ಯಾಪಾರ ಒಂದು ಕಾಲು ಎತ್ತಿ ರಸ್ತೆಗೆ ಇಟ್ಟದ್ದು ಕಣ್ಣಿಗೆ ಕಟ್ಟಿತು.

ಆಮೇಲೆ ಮುಖ್ಯ ಅತಿಥಿಗಳು ಎದ್ದರು. ಎದೆ ಉಬ್ಬಿಸಿ, "ಆತ್ಮೀಯ ಬಂಧುಗಳೇ" ಎಂದರು.

ಗುಂಯ್ ಎಂದಿತು.

ಅವರು ದನಿ ಏರಿಸಿದರು. ಅದೂ ದನಿ ಏರಿಸಿತು. ಒಣಗಿದ ಕಂಡೆನ್ಸರಿನ ಗುಣವೇ ಅದು, ಭಾರ ಹಾಕಿದಷ್ಟೂ ನರಳುತ್ತದೆ. "ಈ ನಾಡಿನ" ಎಂದರೆ ಗುಂಯ್, "ಈ ಮಣ್ಣಿನ" ಎಂದರೆ ಇನ್ನೂ ಉದ್ದದ ಗುಂಯ್. ಅಜ್ಜಿಯೊಬ್ಬರು ಜೇನು ಎದ್ದಿತೆಂದು ಹುಣಿಸೆಮರದ ಕಡೆ ನೋಡಿ ಮುಸುಕು ಹಾಕಿಕೊಂಡರು. ಅತಿಥಿಗಳು ಯಜಮಾನನ ಕಡೆ ಕೈ ಮಾಡಿದರು. ಯಜಮಾನ ಸೌಂಡ್ ಜಾಸ್ತಿ ಮಾಡಿದ, ಶಾಮಿಯಾನದ ಗೂಟವೇ ನಡುಗಿತು. ಕಡಿಮೆ ಮಾಡಿದ, ಬಾಯಿ ಆಡುವುದಷ್ಟೇ ಕಂಡಿತು. ಅವರು ಕೈ ಎತ್ತಿದಾಗಲೆಲ್ಲ ಜನ, ಮುಗಿಯಿತೇನೋ ಎಂಬ ಆಸೆಯಿಂದ ಚಪ್ಪಾಳೆ ತಟ್ಟಿದರು.

ಕೊನೆಗೆ ಅವರು ಸೋತು, ಮೈಕಿನ ಮುಂದೆ ಬಾಗಿ, ಉಸಿರಿನಷ್ಟು ಮೆಲ್ಲಗೆ "ನಮಸ್ಕಾರ" ಎಂದರು. ಅದೊಂದೇ ಮಾತು ಊರಿಗೆಲ್ಲ ಕೇಳಿಸಿತು. ಜನ ಎದ್ದು ಊಟದ ಸಾಲಿಗೆ ಓಡಿದರು.

ಮುದ್ದೆಯಿಂದ ಹಬೆ ಏಳುತ್ತಿತ್ತು. ಬಾಡು ತಿನ್ನದ ನನಗೆ ಬೇರೆ ಕಡೆ ಎಲೆ ಹಾಕಿ ಅನ್ನ, ಬೇಳೆಸಾರು ಬಡಿಸಿದರು. ನಾನು ಗೆದ್ದಿದ್ದೆ, ಆದರೆ ಯಜಮಾನನ ಸುತ್ತ ಊರಿನವರು ಗುಂಪುಗಟ್ಟಿದ್ದು ನೋಡಿ ಕೈ ನಿಂತಿತು. ಹೊಡೆಯುತ್ತಾರೇನೋ ಎಂದುಕೊಂಡೆ. ನೋಡಿದರೆ ಅವನ ಎಲೆಗೆ ನಾಲ್ಕು ಕಡೆಯಿಂದ ತುಂಡು ಬೀಳುತ್ತಿತ್ತು.

ಸೋಮವಾರ ಬಂದ. ಎದುರು ಅಂಗಡಿಯ ಕಡೆ ಕತ್ತು ಕೂಡ ತಿರುಗಿಸಲಿಲ್ಲ.

"ಸಾವ್ಕಾರ್ರೇ, ನಿಮ್ ಮೂಗ ಏಳಿದ್ದೇ ದಿಟ. ಸತ್ತಿತ್ತು ಅದು. ಒಂದು ಒಳ್ಳೇದು ಕೊಡಿ."

ಹೊಸದನ್ನು ತೆಗೆದು, ಮೀಟರಿಗೆ ಕೊಟ್ಟು, ಸೊನ್ನೆ ತೋರಿಸಿ ಕೊಟ್ಟೆ. ಚೀಲಕ್ಕೆ ಹಾಕಿಕೊಂಡ. ಹೋಗಲಿಲ್ಲ.

"ಇನ್ನೊಂದು ಬೇಕು."

"ಇಂಥದ್ದೇನಾ?"

"ಊಂಹೂಂ. ಕೆಟ್ಟಿರದು."

ನಮ್ಮ ಮನೆಯವರು ಮುಖ ಎತ್ತಿದರು.

"ನಿನ್ನೆಯಿಂದ ಎರಡು ಊರ್ನೋರು ಬಂದೋದ್ರು," ಎಂದ ಅವನು ಕೌಂಟರಿಗೆ ಬಾಗಿ. "ಅವ್ರೂರಿನ ಫಂಕ್ಷನ್‌ಗೂ ನಿನ್ನೆ ಭಾಷಣ ಮಾಡುದ್ರಲ್ಲ, ಅವ್ರೇ ಮುಖ್ಯ ಅತಿಥಿ. ಕೌದಳ್ಳಿ ಕಡೆ ಆಕಿದ್ದೆಯಲ್ಲ, ಅದೇ ಸೆಟ್ಟು ಬೇಕು ಅಂತಾವ್ರೆ. ಅದೊಂದು ಕಂಡೆನ್ಸರ್ ಎರಡು ಫಂಕ್ಷನ್ ಗಂಟ ಎಲ್ಲಿ ತಡ್ದದು?"

"ಎದುರು ಅಂಗಡಿಯಲ್ಲಿ ಸಿಗುತ್ತಲ್ಲ," ಎಂದೆ, ಅವನ ಬಾಯಿ ಬಿಡಿಸೋಣವೆಂದು.

"ಅವ್ನ ಕಿಡೀಲಿ ಏನ್ ಗೊತ್ತಾಯ್ತದೆ? ಒಳ್ಳೇದೂ ಟಪ್ ಅಂತದೆ, ಕೆಟ್ಟಿದ್ದೂ ಟಪ್ ಅಂತದೆ. ಎಷ್ಟು ಕೆಟ್ಟದೆ ಅಂತ ನ್ಯಾಯವಾಗಿ ಏಳಕ್ಕೆ ನಿಮ್ ಮೀಟ್ರೇ ಆಗ್ಬೇಕು. ಇನ್ಮೇಲೆ ನಮ್ ಐಕಳಿಗೂ ಇಲ್ಗೇ ಬರಾಕೆ ಏಳಿದ್ದೀನಿ."

ರಿಪೇರಿಯಲ್ಲಿ ಕಿತ್ತು ಹಾಕಿದ ಕಂಡೆನ್ಸರುಗಳ ಬುಟ್ಟಿಯನ್ನು ಮೇಲೆತ್ತಿ ಇಟ್ಟೆ. ನಮ್ಮ ಮನೆಯವರು ಒಂದೊಂದನ್ನೇ ಬಲ್ಬಿಗೆ ಮುಟ್ಟಿಸಿ, ಮೀಟರಿಗೆ ಕೊಡುತ್ತಾ ಹೋದರು. ಅವನು ಕನ್ನಡಕ ಹಾಕಿಕೊಂಡು ಬಂಗಾರ ಕೊಳ್ಳುವವನ ಹಾಗೆ ಒಂದೊಂದು ಅಂಕಿಯನ್ನೂ ಓದಿದ. ಕೊನೆಗೆ ಅವರು ದಪ್ಪಗಿನದೊಂದನ್ನು ಇಟ್ಟು, "ಇದು ಆಗುತ್ತಾ ನೋಡಿ," ಎಂದರು.

ಅವನು ಬಾಗಿ ನೋಡಿ, ಮೆಲ್ಲಗೆ ಅದನ್ನು ಪಕ್ಕಕ್ಕೆ ಸರಿಸಿದ.

"ಬ್ಯಾಡ ಕಣಕ್ಕಾ. ಇದಿನ್ನೂ ಚೆನ್ನಾಗದೆ. ಭಾಷಣ ಕೇಳ್ಸ್‌ಬುಡ್ತದೆ."